ರಾಷ್ಟ್ರಪತಿ ಚುನಾವಣೆ ಬಂದಾಗ ಬಳ್ಳಾರಿ ಕಡೆ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ನಾನು ಪಾಠ ಹೇಳುತ್ತೇನೆ. ಐದು ವರ್ಷಕ್ಕೊಮ್ಮೆ ಜುಲೈ ಹತ್ತಿರ ಬಂತು ಅಂದರೆ ಕ್ಲಾಸಿನ ಒಳಗೂ ಅವೇ ಪ್ರಶ್ನೆ, ಹೊರಗೆ ಚಹಾ ಅಂಗಡಿಯಲ್ಲೂ ಅವೇ ಪ್ರಶ್ನೆ. 2017ರಲ್ಲಿ ಕೇಳಿದರು, 2022ರಲ್ಲಿ ಕೇಳಿದರು, 2027ಕ್ಕೆ ಈಗಲೇ ಶುರುವಾಗಿದೆ. ಒಂದು ಕಡೆ ಬರೆದಿಟ್ಟರೆ ಗಂಟಲಿಗೆ ಸ್ವಲ್ಪ ಬಿಡುವು ಸಿಗುತ್ತದೆ ಅಂತ ಬರೆದಿದ್ದೇನೆ. ಪರೀಕ್ಷೆಗೆ ಬೇಕಾದ್ದೂ ಇದೆ, ಕಟ್ಟೆ ಮಾತಿಗೆ ಬೇಕಾದ್ದೂ ಇದೆ.

ರಾಷ್ಟ್ರಪತಿ ಚುನಾವಣೆಗೆ ನಮ್ಮ ಓಟು ಯಾವಾಗ?

ಹಾಕಿ ಆಗಿದೆ. 2023ರ ಮೇ 10ರಂದು ಶಾಸಕರಿಗೆ ಹಾಕಿದಿರಿ, 2024ರ ಮೇ 7ರಂದು ಸಂಸದರಿಗೆ ಹಾಕಿದಿರಿ. ಆ ಎರಡು ಓಟಿನಿಂದ ಗೆದ್ದವರೇ 2027ರಲ್ಲಿ ನಿಮ್ಮ ಪರವಾಗಿ ರಾಷ್ಟ್ರಪತಿಗೆ ಓಟು ಹಾಕುತ್ತಾರೆ. ಮತ್ತೆ ನಿಮ್ಮನ್ನು ಯಾರೂ ಕೇಳುವುದಿಲ್ಲ. ಸ್ಲಿಪ್ ಹಂಚುವವರು ಬರುವುದಿಲ್ಲ, ಬೆರಳಿಗೆ ಶಾಯಿ ಇಲ್ಲ, ಶಾಲೆಗೆ ರಜೆಯೂ ಇಲ್ಲ. 2022ರಲ್ಲಿ ಮತದಾನ ನಡೆದದ್ದು ಜುಲೈ 18, ಸೋಮವಾರ. ಆ ದಿನ ನಾನು ಎಂದಿನಂತೆ ಎರಡು ಬ್ಯಾಚ್ ಪಾಠ ಮಾಡಿದೆ.

ಯಾರ‍್ಯಾರಿಗೆ ಓಟು ಇರುತ್ತದೆ?

ಗೆದ್ದು ಬಂದ ಶಾಸಕರಿಗೆ, ಲೋಕಸಭೆಗೂ ರಾಜ್ಯಸಭೆಗೂ ಆರಿಸಿ ಹೋದ ಸಂಸದರಿಗೆ. ನಾಮಕರಣ ಆದವರಿಗೆ ಇಲ್ಲ. ವಿಧಾನ ಪರಿಷತ್ತಿನವರಿಗೂ ಇಲ್ಲ. ಒಮ್ಮೆ ನಾನೇ ಪರಿಷತ್ತಿನವರನ್ನೂ ಸೇರಿಸಿ ಬೋರ್ಡ್ ಮೇಲೆ ಬರೆದುಬಿಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು ತಿದ್ದಿದಳು. ಆವತ್ತಿನಿಂದ ಈ ಉತ್ತರ ಮರೆತಿಲ್ಲ.

ನಮ್ಮ ಎಂಎಲ್‌ಎ ಓಟಿನ ಬೆಲೆ 131 ಅಂತಾರೆ. ಅದೇನು ಲೆಕ್ಕ?

1971ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 2,92,99,014. ಅದನ್ನು 224 ಶಾಸಕರಿಗೆ ಭಾಗಿಸಿ, ಮತ್ತೆ 1000ದಿಂದ ಭಾಗಿಸಿದರೆ 130.8 ಬರುತ್ತದೆ. ಅದೇ 131. ಅಂದರೆ ಒಬ್ಬ ಶಾಸಕರ ಒಂದು ಓಟನ್ನು 131 ಅಂತ ಎಣಿಸುತ್ತಾರೆ. ಇಷ್ಟು ವರ್ಷ ಆದರೂ 1971ರ ತಲೆಯೆಣಿಕೆಯೇ ಯಾಕೆ? ಕುಟುಂಬ ಯೋಜನೆ ಸರಿಯಾಗಿ ನಡೆಸಿದ ರಾಜ್ಯಗಳಿಗೆ ನಷ್ಟ ಆಗಬಾರದು ಅಂತ ಸಂವಿಧಾನ ತಿದ್ದುಪಡಿ ಮಾಡಿ ಅಲ್ಲಿಗೇ ನಿಲ್ಲಿಸಿದ್ದಾರೆ. 2026ರ ನಂತರದ ಮೊದಲ ಜನಗಣತಿಯ ಲೆಕ್ಕ ಬರುವವರೆಗೆ ಅದೇ ನಡೆಯುತ್ತದೆ.

ಇದರಲ್ಲೊಂದು ತಮಾಷೆ ಇದೆ. ಆದವಾನಿ, ಆಲೂರು, ರಾಯದುರ್ಗ ಮೂರೂ ಹಿಂದೆ ನಮ್ಮ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ಆ ಮೂರು ಆಂಧ್ರದ ಕಡೆ ಉಳಿದವು. ಈಗ ಆಂಧ್ರದ ಶಾಸಕರ ಓಟಿನ ಬೆಲೆ 159. ಅಂದರೆ ಸಿರುಗುಪ್ಪದ ಶಾಸಕರದು 131, ಗಡಿ ದಾಟಿದರೆ ಆದವಾನಿಯ ಶಾಸಕರದು 159. ರಾಯಚೂರಿನವರು ಕೃಷ್ಣೆ ದಾಟಿ ತೆಲಂಗಾಣಕ್ಕೆ ಹೋದರೆ 132. ಉತ್ತರ ಪ್ರದೇಶದ್ದು 208, ಸಿಕ್ಕಿಂದು 7. ಇದನ್ನು ಹೇಳಿದಾಗ ಒಬ್ಬ ಹುಡುಗ, "ಹಂಗಾದ್ರ ನಮ್ಮೋರಿಗೆ ರೇಟು ಕಡಿಮಿ ಐತೇನ್ರಿ ಸರ್?" ಅಂದ. ಕ್ಲಾಸೆಲ್ಲ ನಕ್ಕಿತು. ರೇಟು ಅನ್ನುವ ಮಾತಿಗೆ ನಮ್ಮೂರಲ್ಲಿ ಬೇರೆ ಅರ್ಥವೂ ಇದೆ ಅಲ್ವಾ.

ಬಳ್ಳಾರಿ, ರಾಯಚೂರು, ಕೊಪ್ಪಳ ಸೇರಿಸಿದರೆ ಎಷ್ಟು ಆಗುತ್ತದೆ?

ಬಳ್ಳಾರಿ ಜಿಲ್ಲೆಯಲ್ಲಿ 5 ಶಾಸಕರು, ಕೊಪ್ಪಳದಲ್ಲಿ 5, ರಾಯಚೂರಿನಲ್ಲಿ 7. ಒಟ್ಟು 17. ಪ್ರತಿಯೊಬ್ಬರದು 131ರಂತೆ 2,227. ಲೋಕಸಭಾ ಸದಸ್ಯರು ಮೂವರು. 2022ರಲ್ಲಿ ಒಬ್ಬ ಸಂಸದರ ಓಟಿನ ಬೆಲೆ 700 ಇತ್ತು, ಹಾಗಾಗಿ 2,100. ಎರಡೂ ಸೇರಿ 4,327. ದೇಶದ ಒಟ್ಟು ಮೌಲ್ಯ ಆಗ 10,86,431. ನೂರಕ್ಕೆ ಅರ್ಧವೂ ಆಗಲಿಲ್ಲ.

ಆದರೆ ಈ ಲೆಕ್ಕ ಆಚೀಚೆ ಆಗುವುದನ್ನು ನೋಡಬೇಕೆಂದರೆ ಸಂಡೂರು ನೋಡಿ. 2022ರಲ್ಲಿ ಇ. ತುಕಾರಾಂ ಸಂಡೂರಿನ ಶಾಸಕರು, ಅವರ ಕೈಯಲ್ಲಿ 131. 2024ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದರು, ಓಟಿನ ಬೆಲೆ ಒಂದೇ ಸಲ ಐದು ಪಟ್ಟಿಗೂ ಜಾಸ್ತಿ ಆಯಿತು. ಖಾಲಿಯಾದ ಸಂಡೂರಿನ ಉಪಚುನಾವಣೆಯಲ್ಲಿ ಅವರ ಹೆಂಡತಿ ಅನ್ನಪೂರ್ಣ ಗೆದ್ದರು, ಹಳೆಯ 131 ಮನೆಯಲ್ಲೇ ಉಳಿಯಿತು.

ಪ್ರಚಾರದ ದಿನಗಳಲ್ಲಿ ನಮ್ಮ ಕಡೆ ಹವಾ ಹೇಗಿರುತ್ತದೆ?

ಹವಾ ಅಂತ ಇರುವುದಿಲ್ಲ. ಹಾಗಂತ ಏನೂ ಇರುವುದಿಲ್ಲ ಅಂತಲೂ ಅಲ್ಲ.

ಈ ಚುನಾವಣೆ ಜುಲೈ, ಆಗಸ್ಟ್ ಸುಮಾರಿಗೆ ಬರುತ್ತದೆ. ನಮ್ಮಲ್ಲಿ ಅದು ತುಂಗಭದ್ರಾ ಡ್ಯಾಂ ಮಟ್ಟ ನೋಡುವ ಕಾಲ. ಒಳಹರಿವು ಎಷ್ಟು, ಕಾಲುವೆಗೆ ನೀರು ಯಾವತ್ತು ಬಿಡುತ್ತಾರೆ, ಸಸಿ ಮಡಿ ಈಗ ಹಾಕಬೇಕಾ, ತಡೆಯಬೇಕಾ. ಬೆಳಗ್ಗೆ ಪೇಪರ್ ಹಿಡಿದವನು ಮೊದಲು ನೋಡುವುದು ಜಲಾಶಯದ ಕಾಲಂ. 2022ರ ಜುಲೈನಲ್ಲಿ ನೀರು ಬೇಗ ಬಂತು. ಡ್ಯಾಂನಿಂದ ಲಕ್ಷಕ್ಕೂ ಹೆಚ್ಚು ಕ್ಯುಸೆಕ್ ಹೊಳೆಗೆ ಬಿಟ್ಟರು. ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿತು, ಹಂಪಿಯ ಪುರಂದರ ಮಂಟಪಕ್ಕೆ ನೀರು ನುಗ್ಗಿತು. ದ್ರೌಪದಿ ಮುರ್ಮು, ಯಶವಂತ ಸಿನ್ಹಾ ಇಬ್ಬರ ಹೆಸರೂ ಆ ನೀರಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ.

ಇನ್ನೊಂದು ಆವತ್ತೇ ಆಯಿತು. ಮತದಾನದ ದಿನ, ಅದೇ ಜುಲೈ 18ರಿಂದಲೇ, 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಅಕ್ಕಿಗೆ, ಹಿಟ್ಟಿಗೆ, ಮೊಸರಿಗೆ ಶೇ 5 ಜಿಎಸ್‌ಟಿ ಶುರುವಾಯಿತು. ಸಿರುಗುಪ್ಪ, ಗಂಗಾವತಿ, ಸಿಂಧನೂರು ಅಂದರೆ ಅಕ್ಕಿ ಮಿಲ್ಲುಗಳ ಊರು. ಅಲ್ಲಿ ಆ ವಾರ ಯಾರಾದರೂ "ಯಾರು ಗೆಲ್ತಾರೆ?" ಅಂದರೆ, "ಅದಿರ‍್ಲಿ, ಚೀಲಕ್ಕೆ ಎಷ್ಟು ಏರುತ್ತೆ ಹೇಳ್ರಿ" ಅನ್ನುತ್ತಿದ್ದರು. ಸ್ವಲ್ಪ ದಿನದಲ್ಲೇ ಅಂಗಡಿಗಳಿಗೆ 26 ಕೆಜಿ ಚೀಲ ಬಂತು. ತೆರಿಗೆ 25ಕ್ಕೆ ನಿಂತರೆ ಚೀಲ 26ಕ್ಕೆ ಹೋಯಿತು. ನನ್ನ ಪ್ರಕಾರ ಆ ಚುನಾವಣೆಯ ಹೊತ್ತಿನಲ್ಲಿ ನಮ್ಮ ಸೀಮೆಯ ರಾಜಕೀಯ ಹವಾಮಾನ ಹೇಗಿತ್ತು ಅಂತ ಕೇಳಿದರೆ ಆ ಒಂದು ಕೆಜಿಯೇ ಉತ್ತರ.

ಮಾತು ಬರುವುದೇ ಇಲ್ಲ ಅಂತಲ್ಲ. ಬರುವುದು ಜಾತಿ ಲೆಕ್ಕದಲ್ಲಿ, ಟಿಕೆಟ್ ಲೆಕ್ಕದಲ್ಲಿ. 2022ರ ಜುಲೈ ಅಂದರೆ ವಿಧಾನಸಭೆ ಚುನಾವಣೆಗೆ ಹತ್ತು ತಿಂಗಳು. "ನಮ್ಮ ಎಂಎಲ್‌ಎ ಬೆಂಗಳೂರಿಗೆ ಹೋಗ್ಯಾರ" ಅಂದರೆ ಜನ ಕೇಳುತ್ತಿದ್ದದ್ದು ಯಾರಿಗೆ ಓಟು ಹಾಕಿದರು ಅಂತ ಅಲ್ಲ, ಯಾರನ್ನು ಭೇಟಿ ಮಾಡಿದರು ಅಂತ.

ಅಭ್ಯರ್ಥಿಗಳು ಇಲ್ಲಿಗೆ ಬರುತ್ತಾರಾ?

ಬರುವುದಿಲ್ಲ. ರಾಜಧಾನಿಗಳಿಗೆ ಹೋಗಿ ಶಾಸಕರನ್ನು, ಸಂಸದರನ್ನು ಕೂರಿಸಿಕೊಂಡು ಮಾತಾಡುತ್ತಾರೆ, ಊಟ ಮಾಡುತ್ತಾರೆ, ಮುಂದಿನ ವಿಮಾನ ಹತ್ತುತ್ತಾರೆ. ಮುರ್ಮು ಅವರು ಪ್ರಚಾರಕ್ಕೆ ಬೆಂಗಳೂರಿಗೆ ಬಂದಿದ್ದರು. ಗೆದ್ದ ಮೇಲೆ ಸೆಪ್ಟೆಂಬರ್‌ನಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಬಂದರು. ಮೋತಿ ಸರ್ಕಲ್‌ಗೆ ಬ್ಯಾನರ್ ಬರುವ ಚುನಾವಣೆ ಇದಲ್ಲ.

ಮುರ್ಮು ನಿಂತಾಗ ನಾಯಕ ಸಮಾಜದಲ್ಲಿ ಖುಷಿ ಇತ್ತಾ?

ಇತ್ತು. ಬಳ್ಳಾರಿ, ರಾಯಚೂರು ಎರಡೂ ಲೋಕಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಬಳ್ಳಾರಿ ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ನಗರ ಒಂದು ಬಿಟ್ಟು ಗ್ರಾಮಾಂತರ, ಕಂಪ್ಲಿ, ಸಿರುಗುಪ್ಪ, ಸಂಡೂರು ನಾಲ್ಕೂ ಎಸ್‌ಟಿ ಮೀಸಲು. ಇಂಥ ಕಡೆ ಬುಡಕಟ್ಟಿನ ಹೆಣ್ಣುಮಗಳು ಮೊದಲ ಸಲ ರಾಷ್ಟ್ರಪತಿ ಆಗುತ್ತಾರೆ ಅಂದರೆ ಮಾತು ಬರದೇ ಇರುತ್ತದಾ?

ಆದರೆ ಆ ಖುಷಿಗೆ ಒಂದು ಬಾಲ ಇತ್ತು. ಎಸ್‌ಟಿ ಮೀಸಲಾತಿಯನ್ನು ಶೇ 3ರಿಂದ 7.5ಕ್ಕೆ ಏರಿಸಿ ಅಂತ ವಾಲ್ಮೀಕಿ ಗುರುಪೀಠದ ಸ್ವಾಮೀಜಿ ಆಗ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ತಿಂಗಳುಗಟ್ಟಲೆ ಧರಣಿ ಕೂತಿದ್ದರು. ಹಾಗಾಗಿ ಇಲ್ಲಿ ಕೇಳಿಬಂದ ಮಾತು ಎರಡು ಥರ. ಒಬ್ಬರು "ನಮ್ಮೋರು ಅಷ್ಟು ಎತ್ತರಕ್ಕ ಹೋದ್ರು" ಅಂದರೆ ಪಕ್ಕದವರು "ಹೋಗ್ಲಿ ಬಿಡಪ್ಪ, ನಮ್ಮ ಏಳೂವರೆ ಎಲ್ಲೈತಿ?" ಅನ್ನುತ್ತಿದ್ದರು. ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಶೇ 7ಕ್ಕೆ ಏರಿಸುವ ತೀರ್ಮಾನ ಮಾಡಿತು. ಇದಕ್ಕೂ ರಾಷ್ಟ್ರಪತಿ ಚುನಾವಣೆಗೂ ನೇರ ಸಂಬಂಧ ಇಲ್ಲ. ಆದರೆ ಕಟ್ಟೆ ಮೇಲೆ ಎರಡೂ ಒಂದೇ ಮಾತಾಗಿತ್ತು.

ರಾಹುಲ್ ಗಾಂಧಿ ಬಳ್ಳಾರಿಯಲ್ಲಿ ಓಟು ಹಾಕಿದ್ದು ಇದೇ ಚುನಾವಣೆಗಾ?

ಅಲ್ಲ. ಈ ಗೊಂದಲ ಬಹಳ ಜನಕ್ಕೆ ಇದೆ, ಪರೀಕ್ಷೆಯಲ್ಲೂ ತಪ್ಪು ಬರೆಯುತ್ತಾರೆ. ಅದು ಕಾಂಗ್ರೆಸ್ ಪಕ್ಷದ ಅಧ್ಯಕ್ಷರ ಚುನಾವಣೆ. 2022ರ ಅಕ್ಟೋಬರ್ 17. ಭಾರತ್ ಜೋಡೋ ಯಾತ್ರೆ ಆಗ ನಮ್ಮ ಜಿಲ್ಲೆಯಲ್ಲಿತ್ತು. ಊರ ಹೊರಗಿನ ಸಂಗನಕಲ್ಲಿನಲ್ಲಿ ಯಾತ್ರೆಯ ಕ್ಯಾಂಪ್ ಹಾಕಿದ್ದರು. ಅಲ್ಲೇ ಒಂದು ಮತಗಟ್ಟೆ ಮಾಡಿ ಯಾತ್ರೆಯಲ್ಲಿದ್ದ ಪ್ರತಿನಿಧಿಗಳು ಓಟು ಹಾಕಿದರು. ಸಂಗನಕಲ್ಲು ಅಂದರೆ ನವಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ. ಅಲ್ಲಿ ಬ್ಯಾಲೆಟ್ ಪೆಟ್ಟಿಗೆ ಇಟ್ಟಿದ್ದು ನನಗಂತೂ ಮಜಾ ಅನ್ನಿಸಿತು.

ಎರಡು ದಿನ ಬಿಟ್ಟು ಎಣಿಸಿದಾಗ ಮಲ್ಲಿಕಾರ್ಜುನ ಖರ್ಗೆ 7,897, ಶಶಿ ತರೂರ್ 1,072. ಕನ್ನಡಿಗರೊಬ್ಬರು ಕಾಂಗ್ರೆಸ್ ಅಧ್ಯಕ್ಷರಾದದ್ದು ಎರಡನೇ ಸಲ. ಮೊದಲನೆಯವರು ಎಸ್. ನಿಜಲಿಂಗಪ್ಪ. ಅವರ ಹೆಸರು ಬಂದ ಮೇಲೆ 1969ಕ್ಕೆ ಹೋಗಲೇಬೇಕು.

ರಾಷ್ಟ್ರಪತಿ ಚುನಾವಣೆ ಯಾವತ್ತಾದರೂ ನಮ್ಮ ಕಡೆ ಬಿಸಿ ಮುಟ್ಟಿಸಿದ್ದು ಇದೆಯಾ?

ಒಂದೇ ಸಲ. 1969ರಲ್ಲಿ. ನನಗೆ ಕೇಳಿದರೆ ಅದು ಅರ್ಧ ನಮ್ಮ ಸುತ್ತಮುತ್ತಲಿನವರ ಜಗಳವೇ.

ಆ ವರ್ಷದ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಮುಂದೆ ಯಾರು ಅನ್ನುವ ಪ್ರಶ್ನೆ ಇಟ್ಟುಕೊಂಡು ಕಾಂಗ್ರೆಸ್‌ನವರು ಜುಲೈನಲ್ಲಿ ಸೇರಿದ್ದು ಬೆಂಗಳೂರಿನಲ್ಲಿ, ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ. ಪಕ್ಷದ ಅಧ್ಯಕ್ಷರು ನಿಜಲಿಂಗಪ್ಪ. ಚಿತ್ರದುರ್ಗದವರು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಹುಟ್ಟಿದ್ದು ಆಗಿನ ಬಳ್ಳಾರಿ ಜಿಲ್ಲೆಯ ಹಲವಾಗಲಿನಲ್ಲಿ, ಹರಪನಹಳ್ಳಿ ಸೀಮೆ. ಅವರ ಗುಂಪು ಆರಿಸಿದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಅವರ ಊರು ಇಲ್ಲೂರು, ನಮ್ಮ ಪಕ್ಕದ ಅನಂತಪುರ ಜಿಲ್ಲೆ. ಎದುರಿಗೆ ಪಕ್ಷೇತರರಾಗಿ ನಿಂತವರು ವಿ.ವಿ. ಗಿರಿ. ಅವರು 1965ರಿಂದ 67ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಮೂರನೆಯವರು ಸಿ.ಡಿ. ದೇಶಮುಖ್. ಅವರನ್ನು ಸ್ವತಂತ್ರ ಪಕ್ಷ, ಜನಸಂಘದವರು ನಿಲ್ಲಿಸಿದ್ದರು.

ಇಂದಿರಾ ಗಾಂಧಿಗೆ ಸಂಜೀವ ರೆಡ್ಡಿ ಬೇಡವಾಗಿತ್ತು. ಗಾಜಿನ ಮನೆಯ ಸಭೆ ಮುಗಿದ ವಾರದೊಳಗೆ 14 ಬ್ಯಾಂಕ್ ರಾಷ್ಟ್ರೀಕರಣ ಮಾಡಿದರು. ಆಮೇಲೆ, ತಮ್ಮ ಪಕ್ಷದ ಅಭ್ಯರ್ಥಿ ಇದ್ದರೂ, ಆತ್ಮಸಾಕ್ಷಿಯಂತೆ ಓಟು ಹಾಕಿ ಅಂದರು. ಈ ಚುನಾವಣೆಯಲ್ಲಿ ಹೆಸರುಗಳ ಮುಂದೆ 1, 2 ಅಂತ ಇಷ್ಟದ ಕ್ರಮ ಬರೆಯುತ್ತಾರೆ. ಆ 2, ಅಂದರೆ ಎರಡನೇ ಪ್ರಾಶಸ್ತ್ಯದ ಮತ ಕೇಳಲು ನಿಜಲಿಂಗಪ್ಪ ಜನಸಂಘ, ಸ್ವತಂತ್ರ ಪಕ್ಷದವರ ಜೊತೆ ಮಾತಾಡಿದ್ದು ಇಂದಿರಾ ಕಡೆಯವರಿಗೆ ಒಳ್ಳೆಯ ಅಸ್ತ್ರ ಆಯಿತು.

ಆಗಸ್ಟ್ 16ಕ್ಕೆ ಮತದಾನ, 20ಕ್ಕೆ ಎಣಿಕೆ. ಮೊದಲ ಸುತ್ತಿನಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಯಾರಿಗೂ ಅರ್ಧ ದಾಟಲಿಲ್ಲ. ಎರಡನೇ ಪ್ರಾಶಸ್ತ್ಯ ಎಣಿಸಿದರು. ದೇಶಮುಖ್ ಮತಗಳು ಜಾಸ್ತಿ ರೆಡ್ಡಿ ಕಡೆ ಹರಿದವು. ಆದರೂ ಸಾಲಲಿಲ್ಲ. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ನಮ್ಮ ರಾಷ್ಟ್ರಪತಿ ಚುನಾವಣೆಗಳಲ್ಲಿ ಎರಡನೇ ಪ್ರಾಶಸ್ತ್ಯದವರೆಗೆ ಹೋಗಿ ತೀರ್ಮಾನ ಆದದ್ದು ಅದೊಂದೇ.

ನಮ್ಮಪ್ಪ ಆಗ ಪ್ರೈಮರಿ ಶಾಲೆ ಮೇಷ್ಟ್ರು. ಪಂಚಾಯ್ತಿ ರೇಡಿಯೊ ಮುಂದೆ ಊರವರು ಎರಡು ಪಾಲಾಗಿ ಕೂತಿದ್ದರು ಅಂತ ಹೇಳುತ್ತಿದ್ದರು. ತಮಗೆ ಓಟೇ ಇಲ್ಲದ ಚುನಾವಣೆಗೆ. ಒಂದು ಪಾಲು "ನಮ್ಮ ಕಡೆ ಮನುಷ್ಯ ನಿಜಲಿಂಗಪ್ಪ", ಇನ್ನೊಂದು ಪಾಲು "ಅಮ್ಮ". ನವೆಂಬರ್‌ನಲ್ಲಿ ನಿಜಲಿಂಗಪ್ಪ ಪ್ರಧಾನಿಯನ್ನೇ ಪಕ್ಷದಿಂದ ಹೊರಗೆ ಹಾಕಿದರು. ಕಾಂಗ್ರೆಸ್ ಒಡೆಯಿತು. ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪ ಕಡೆ, ದೇವರಾಜ ಅರಸು ಇಂದಿರಾ ಕಡೆ. ಮುಂದೆ 1972ರಲ್ಲಿ ಅರಸು ಮುಖ್ಯಮಂತ್ರಿ ಆದರು. ಅರಸರ ಕಾಲದಲ್ಲಿ ಗೇಣಿ ಭೂಮಿ ಪಡೆದ ಮನೆಯವರಿಗೆ ನಾನು ಹೇಳುವುದು ಇಷ್ಟೇ: ಆ ದಾರಿ ತಿರುಗಿದ ಜಾಗಗಳಲ್ಲಿ ಗಾಜಿನ ಮನೆಯೂ ಒಂದು.

ಸೋತ ಸಂಜೀವ ರೆಡ್ಡಿ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿ ಆದರು. 37 ಮಂದಿ ನಾಮಪತ್ರ ಹಾಕಿದ್ದರು, 36 ತಿರಸ್ಕಾರ ಆದವು.

ಶಾಸಕರು ಪಕ್ಷ ಹೇಳಿದಂತೆ ಹಾಕಲೇಬೇಕಾ?

ಬೇಕಿಲ್ಲ. ಇದಕ್ಕೆ ವಿಪ್ ಕೊಡುವಂತಿಲ್ಲ, ಮತ ಗುಟ್ಟಾಗಿರುತ್ತದೆ. ರಾಜ್ಯಸಭೆ ಚುನಾವಣೆಯಲ್ಲಿ ಶಾಸಕರು ಪಕ್ಷದ ಏಜೆಂಟ್‌ಗೆ ತೋರಿಸಿ ಹಾಕುತ್ತಾರೆ, ಇಲ್ಲಿ ತೋರಿಸುವಂತಿಲ್ಲ. ಹಾಗಾಗಿಯೇ ಪ್ರತಿ ಸಲ ಅಡ್ಡ ಮತದಾನದ ಸುದ್ದಿ. "ನಮ್ಮ ಎಂಎಲ್‌ಎ ಯಾರಿಗೆ ಹಾಕಿದ್ರು?" ಅಂತ ಕೇಳಿದರೆ ಅವರು ಹೇಳಿದ್ದೇ ಉತ್ತರ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಓಟು ಹಾಕುವುದಕ್ಕೂ ತರಬೇತಿ ಬೇಕಾ ಇವರಿಗೆ?

ನಗಬೇಡಿ, ಬೇಕು. ಸಂಸದರಿಗೆ ಹಸಿರು ಮತಪತ್ರ, ಶಾಸಕರಿಗೆ ಗುಲಾಬಿ. ಆಯೋಗ ಕೊಡುವ ನೇರಳೆ ಶಾಯಿಯ ಪೆನ್ನಿನಿಂದಲೇ ಬರೆಯಬೇಕು. ಹೆಸರಿನ ಮುಂದೆ 1, 2 ಅಂತ ಅಂಕಿಯಲ್ಲಿ ಬರೆಯಬೇಕು, "ಒಂದು" ಅಂತ ಅಕ್ಷರದಲ್ಲಿ ಬರೆದರೆ ಹೋಯಿತು. ಕನ್ನಡ ಅಂಕಿಯಲ್ಲಿ ೧ ಅಂತ ಬರೆದರೆ ನಡೆಯುತ್ತದೆ. ಇಷ್ಟು ಹೇಳಿಕೊಟ್ಟರೂ 2022ರಲ್ಲಿ 53 ಮತ ಅಸಿಂಧು ಆದವು. ನಮ್ಮೂರ ಅಜ್ಜಿಯರು ಬಟನ್ ಒತ್ತಿ ಸರಿಯಾಗಿ ಹೊರಗೆ ಬರುತ್ತಾರೆ.

ರಬ್ಬರ್ ಸ್ಟಾಂಪ್ ಹುದ್ದೆಗೆ ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು?

371ಜೆ ಸರ್ಟಿಫಿಕೇಟ್‌ಗೆ ನಾಡಕಚೇರಿಯಲ್ಲಿ ಸಾಲು ನಿಂತಿದ್ದೀರಾ? ಹಾಗಾದರೆ ಸುಮ್ನೆ ಕೇಳಬೇಡಿ.

371ಜೆ ಅಂದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ ಕಲಂ. ಅದನ್ನು ತಂದ 98ನೇ ತಿದ್ದುಪಡಿಗೆ ಸಂಸತ್ತು ಒಪ್ಪಿದ್ದು 2012ರ ಡಿಸೆಂಬರ್‌ನಲ್ಲಿ. 2013ರ ಜನವರಿ 1ರಂದು ಅದಕ್ಕೆ ಅಂಕಿತ ಹಾಕಿದ್ದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ. ಅಷ್ಟಕ್ಕೇ ಮುಗಿಯಲಿಲ್ಲ. ಆ ಕಲಂ ಓದಿ ನೋಡಿ, "ರಾಷ್ಟ್ರಪತಿಯವರು ಆದೇಶದ ಮೂಲಕ" ರಾಜ್ಯಪಾಲರಿಗೆ ವಿಶೇಷ ಹೊಣೆ ಕೊಡಬಹುದು ಅಂತ ಶುರುವಾಗುತ್ತದೆ. ಅಭಿವೃದ್ಧಿ ಮಂಡಳಿ, ಅನುದಾನ, ಕೆಲಸದಲ್ಲಿ ಮೀಸಲು ಎಲ್ಲದರ ಬೇರು ಅಲ್ಲಿದೆ. ನಮ್ಮ ಭಾಗದ ಸಿ ಗ್ರೂಪ್ ಹುದ್ದೆಯಲ್ಲಿ ಶೇ 80, ಡಿ ಗ್ರೂಪ್‌ನಲ್ಲಿ ಶೇ 85 ಸ್ಥಳೀಯರಿಗೆ. ನನ್ನ ಕ್ಲಾಸಿನಲ್ಲಿ ಕೂರುವ ಮುಕ್ಕಾಲು ಪಾಲು ಮಕ್ಕಳ ಆಸೆ ಆ ಅಂಕಿ ಮೇಲೆ ನಿಂತಿದೆ.

ಸಂಪುಟ ಹೇಳಿದ್ದಕ್ಕೆ ರಾಷ್ಟ್ರಪತಿ ಸಹಿ ಹಾಕುತ್ತಾರೆ, ನಿಜ. ಆದರೂ ಆ ಸಹಿ ಬೀಳುವವರೆಗೆ ಯಾವುದೂ ಜಾರಿ ಆಗುವುದಿಲ್ಲ.

ಕನ್ನಡಿಗರು ಯಾರಾದರೂ ರಾಷ್ಟ್ರಪತಿ ಆಗಿದ್ದಾರಾ?

ಆರಿಸಿ ಬಂದವರು ಇಲ್ಲ. ಜಮಖಂಡಿ ಸೀಮೆಯ ಬಿ.ಡಿ. ಜತ್ತಿ ಉಪರಾಷ್ಟ್ರಪತಿ ಆಗಿದ್ದಾಗ, 1977ರ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿ ಆಗಿದ್ದರು. ತುರ್ತು ಪರಿಸ್ಥಿತಿ ಮುಗಿದು ಜನತಾ ಸರ್ಕಾರ ಬಂದ ಹೊತ್ತು ಅದು. ಐದು ತಿಂಗಳು ಅಷ್ಟೇ, ಆದರೆ ಒಳ್ಳೆ ಬಿಸಿ ಐದು ತಿಂಗಳು.

1999ರಲ್ಲಿ ಸೋನಿಯಾ, ಸುಷ್ಮಾ ಬಳ್ಳಾರಿಯಲ್ಲಿ ನಿಂತಿದ್ದರಲ್ಲ, ಅದಕ್ಕೂ ಇದಕ್ಕೂ?

ಸಂಬಂಧ ಇಲ್ಲ. ಅದು ಲೋಕಸಭೆ. ಸೋನಿಯಾ 56,100 ಮತಗಳಿಂದ ಗೆದ್ದರು, ಅಮೇಥಿ ಇಟ್ಟುಕೊಂಡು ಬಳ್ಳಾರಿ ಬಿಟ್ಟರು. ದಿಲ್ಲಿಯ ಯಾವ ಚುನಾವಣೆ ಮಾತು ತೆಗೆದರೂ ನಮ್ಮೂರ ಹಿರಿಯರು ಅಲ್ಲಿಗೇ ಬಂದು ನಿಲ್ಲುತ್ತಾರೆ. ಬಿಡಿ, ಆ ಕಥೆ ಇನ್ನೊಂದು ದಿನ.

ನಾನೂ ರಾಷ್ಟ್ರಪತಿ ಚುನಾವಣೆಗೆ ನಿಲ್ಲಬಹುದಾ?

35 ವರ್ಷ ತುಂಬಿರಬೇಕು, ಲೋಕಸಭೆಗೆ ನಿಲ್ಲುವ ಅರ್ಹತೆ ಇರಬೇಕು, ಲಾಭದ ಹುದ್ದೆಯಲ್ಲಿ ಇರಬಾರದು. ಠೇವಣಿ 15,000 ರೂಪಾಯಿ. ಇಲ್ಲಿಯವರೆಗೆ ಎಲ್ಲರೂ ಸಲೀಸಾಗಿ ಬರುತ್ತಾರೆ. ಆಮೇಲೆ 50 ಮಂದಿ ಮತದಾರರು ಸೂಚಕರಾಗಿ, ಇನ್ನೂ 50 ಮಂದಿ ಅನುಮೋದಕರಾಗಿ ಸಹಿ ಹಾಕಬೇಕು. ಮತದಾರರು ಅಂದರೆ ಶಾಸಕರು, ಸಂಸದರು.

ಇದನ್ನು ಪಾಠ ಮಾಡುವಾಗ ಸಿರುಗುಪ್ಪ ಕಡೆಯ ಒಬ್ಬ ಹುಡುಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಶುರು ಮಾಡಿದ. ನಮ್ಮ ಮೂರು ಜಿಲ್ಲೆ ಸೇರಿ ಶಾಸಕರು, ಲೋಕಸಭೆಯವರು 20. ಸಾಲದು. ಕಲ್ಯಾಣ ಕರ್ನಾಟಕದ ಏಳೂ ಜಿಲ್ಲೆ ತಗೊಂಡ. ಶಾಸಕರು 41, ಲೋಕಸಭೆಯವರು 5. ಎಲ್ಲ ಪಕ್ಷದವರೂ ಇವನಿಗೇ ಸಹಿ ಹಾಕಿದರೂ 46. ಸೂಚಕರ ಪಟ್ಟಿಗೇ ಇನ್ನೂ ನಾಲ್ಕು ಕಡಿಮೆ. ಸ್ವಲ್ಪ ಹೊತ್ತು ಹಾಳೆ ನೋಡಿದ. "ಪಿಡಿಒ ನೋಟ್ಸೇ ಕೊಡ್ರಿ ಸರ್" ಅಂದ.